ಸ್ಪಷ್ಟನೆ: ಕ್ಷೇತ್ರಕಾರ್ಯದ ಹಾಜರಾತಿಗೆ ಮಕ್ಕಳ ಫೋಟೊ ಬೇಡ

ಕಲಬುರಗಿಯ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂದೇಶವೊಂದು ಹರಿದಾಡುತ್ತಿದೆ: ‘ಬಾಲಮಂದಿರದಲ್ಲಿ ಕ್ಷೇತ್ರಕಾರ್ಯ ಮಾಡುವವರು ಹಾಜರಾತಿಗೆ ಪುರಾವೆಯಾಗಿ ಮಕ್ಕಳ ಜೊತೆಗಿನ ಫೋಟೊವನ್ನು ದಿನವೂ ಗುಂಪಿಗೆ ಹಾಕಬೇಕು. ವಿಭಾಗದ ಪತ್ರ ಬೇಕಿಲ್ಲ, ಆಧಾರ್ ಸಾಕು.’ ಎರಡೂ ಮಾತು ತಪ್ಪು.

ಬಾಲಮಂದಿರದಲ್ಲಿ ಇರಿಸಿರುವಂಥ, ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು, ಅವರ ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಇದು ಪತ್ರಿಕೆಗಳಿಗಷ್ಟೇ ಅಲ್ಲ, ಇತರ ಸಂವಹನ ಮಾಧ್ಯಮಗಳಿಗೂ ಅನ್ವಯಿಸುತ್ತದೆ. ಮೀರಿದವರಿಗೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮುಖ ಮಸುಕು ಮಾಡಿದರೂ ಸಾಲದು. ಅಂಗಿಯ ಮೇಲಿನ ಶಾಲೆಯ ಬಿಲ್ಲೆಯೇ ಗುರುತು ಹೇಳಿಬಿಡುತ್ತದೆ. ಹೊಡೆತ ತಾಳದೆ ಮನೆ ಬಿಟ್ಟು ಬಂದ ಹುಡುಗನ ಚಿತ್ರ, ಅವನು ಯಾರಿಗೆ ಹೆದರಿ ಓಡಿಬಂದನೋ ಅವರ ಮೊಬೈಲಿಗೇ ತಲುಪಬಹುದು. ಆ ಭಯ ನಮಗೆ ಇರಲೇಬೇಕು.

ಹಾಜರಾತಿಗೆ ಸಂಸ್ಥೆಯ ಮೇಲ್ವಿಚಾರಕರ ಸಹಿ ಮತ್ತು ನಿಮ್ಮ ಕ್ಷೇತ್ರಕಾರ್ಯ ವರದಿಯೇ ಆಧಾರ. ವರದಿಯಲ್ಲೂ ಮಕ್ಕಳ ಹೆಸರು ಬದಲಿಸಿ ಬರೆಯಿರಿ. ವಿಭಾಗದ ಪರಿಚಯ ಪತ್ರವಿಲ್ಲದೆ ಸಂಸ್ಥೆಗೆ ಹೋಗಬೇಡಿ. ಬಾಲಮಂದಿರವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅನುಮತಿಯನ್ನೂ ಪಡೆಯಿರಿ.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಹಾಕಿರುವ ಫೋಟೊಗಳನ್ನು ಇಂದೇ ಅಳಿಸಿ.