ಸುಯ್ಯೆಂಬ ಸದ್ದಿಗೆ ತಿಂಗಳ ಬಾಡಿಗೆ

ಎಂಟಿವಿ ಹೋಗಿಬಿಟ್ಟಿತಂತೆ. 2025ರ ಡಿಸೆಂಬರ್ 31ರಂದು ಬ್ರಿಟನ್ನಿನಲ್ಲಿ ‘ಎಂಟಿವಿ 80ಸ್’ ಸೇರಿ ಐದು ಹಾಡಿನ ಚಾನೆಲ್ಲುಗಳಿಗೆ ಬಾಗಿಲು ಹಾಕಿದ್ದು ನಿಜ. ಆದರೆ ಸುದ್ದಿ ನಮ್ಮ ವಾಟ್ಸಾಪು ಮುಟ್ಟುವ ಹೊತ್ತಿಗೆ ಐದು ಚಾನೆಲ್ಲು ಹೋಗಿ ಇಡೀ ಎಂಟಿವಿಯೇ ಸತ್ತು, ವೈಕುಂಠ ಸಮಾರಾಧನೆಯ ಎಲೆಯೂ ಎತ್ತಿಯಾಗಿತ್ತು. ಜಯನಗರದಿಂದ ನ್ಯೂಜೆರ್ಸಿಯವರೆಗೆ ಒಂದೇ ಗೋಳು: ಎಂಬತ್ತರ ದಶಕದ ನಮ್ಮ ಎಂಟಿವಿ, ನಮ್ಮ ಮೈಕೇಲ್ ಜಾಕ್ಸನ್, ನಮ್ಮ ಬಾಲ್ಯ!

ಸ್ವಲ್ಪ ಪಂಚಾಂಗ ನೋಡೋಣ. ಎಂಟಿವಿ ಅಮೆರಿಕದಲ್ಲಿ ಹುಟ್ಟಿದ್ದು 1981ರ ಆಗಸ್ಟ್ 1ಕ್ಕೆ. ಸ್ಟಾರ್ ಟಿವಿಯ ಬೆನ್ನೇರಿ ಭಾರತದ ಆಕಾಶಕ್ಕೆ ಬಂದದ್ದು 1991ರಲ್ಲಿ. ನಡುವಿನ ಹತ್ತು ವರ್ಷ ಜಯನಗರದ ಟಿವಿಯಲ್ಲಿ ಇದ್ದದ್ದು ದೂರದರ್ಶನ ಒಂದೇ. ಅಂದರೆ ಎಂಬತ್ತರ ಎಂಟಿವಿಗಾಗಿ ಅತ್ತವರಲ್ಲಿ ಅರ್ಧಕ್ಕರ್ಧ ಜನ ಮುಖವನ್ನೇ ನೋಡದ ದಾಯಾದಿಯ ಸೂತಕ ಹಿಡಿದಿದ್ದಾರೆ. ಹಿಡಿಯಲಿ ಬಿಡಿ, ಸೂತಕದಲ್ಲಿ ಕೆಲಸಕ್ಕಾದರೂ ರಜೆ ಸಿಗುತ್ತದೆ.

ಸತ್ತವರನ್ನು ಹೊಗಳುವುದು ಪದ್ಧತಿ. ‘ಹಿಪ್ ಹಾಪ್ ಅನ್ನು ಮನೆಮನೆಗೆ ತಂದ ಮಹಾತಾಯಿ’ ಅನ್ನುವ ಹೊಗಳಿಕೆ ಈ ಸಲ ಜೋರಾಗಿ ಓಡಿತು. ಹಿಪ್ ಹಾಪ್ ಅಂದರೆ ತಾಳದ ಮೇಲೆ ಪ್ರಾಸದ ಮಾತು ಓಡಿಸುವ ಸಂಗೀತ, ಆ ಮಾತೇ ರ‍್ಯಾಪ್. ಮಹಾತಾಯಿ ಇದಕ್ಕೆ ತೆಗೆದುಕೊಂಡದ್ದು ಏಳು ವರ್ಷ. ‘ಯೋ! ಎಂಟಿವಿ ರ‍್ಯಾಪ್ಸ್’ ಎಂಬ ಹಿಪ್ ಹಾಪ್ ಕಾರ್ಯಕ್ರಮ ಶುರುವಾದದ್ದು 1988ರ ಆಗಸ್ಟ್ 6ಕ್ಕೆ. ಅದಕ್ಕೆ ಮುಂಚೆ ರನ್-ಡಿಎಂಸಿ ತಂಡದಂಥವರು ಹಿತ್ತಿಲ ಬಾಗಿಲಿಂದ ನುಸುಳಿದ್ದರು ಅಷ್ಟೆ. 1983ರಲ್ಲಿ ಬ್ರಿಟನ್ನಿನ ಗಾಯಕ ಡೇವಿಡ್ ಬೋವಿ ಎಂಟಿವಿಯ ಕ್ಯಾಮೆರಾದ ಮುಂದೆಯೇ ಕೂತು, ಕಪ್ಪು ಕಲಾವಿದರನ್ನು ಯಾಕ್ರಯ್ಯಾ ಇಷ್ಟು ಕಡಿಮೆ ತೋರಿಸುತ್ತೀರಿ ಅಂತ ಕೇಳಿದ. ಸಣ್ಣ ಊರಿನ ಪ್ರೇಕ್ಷಕರು ಹೆದರಿಕೊಂಡಾರು ಎಂಬರ್ಥದ ಉತ್ತರ ಬಂತು. ವಿಡಿಯೊ ಈಗಲೂ ಸಿಗುತ್ತದೆ. ಕಂಬನಿ ಒರೆಸಿಕೊಳ್ಳಲು ಬಿಡುವು ಸಿಕ್ಕಾಗ ನೋಡಬಹುದು.

ಎಂಟಿವಿ ಒಂದು ನೆಪ. ಎಂಬತ್ತರ ಸದ್ದೇ ಬೇಕು ಅನ್ನುವ ಹಂಬಲ ನಾಲ್ಕೈದು ವರ್ಷದಿಂದ ಏರುತ್ತಲೇ ಇದೆ. ತಮಾಷೆಯೆಂದರೆ ಈ ಭಕ್ತರಿಗೆ ಬೇಕಾದ ಸದ್ದಿನಲ್ಲಿ ಮುಕ್ಕಾಲು ಪಾಲು ಆ ಕಾಲದ ಯಂತ್ರಗಳ ಐಬು. ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ಡ್ರಮ್ ಯಂತ್ರ ತಗೊಳ್ಳಿ. 1980ರಲ್ಲಿ ಬಂತು, ಬೆಲೆ 1,195 ಡಾಲರ್. ಅದೇ ವರ್ಷದ ಇನ್ನೊಂದು ಡ್ರಮ್ ಯಂತ್ರ ಲಿನ್ ಎಲ್‌ಎಂ-1ರಲ್ಲಿ ನಿಜವಾದ ಡ್ರಮ್ಮಿನ ಸದ್ದನ್ನು ಚಿಪ್ಪಿಗೆ ತುಂಬಿದ್ದರು. ಅದಕ್ಕೆ ಐದು ಸಾವಿರ ಡಾಲರಿನ ಹತ್ತಿರ. 808ರೊಳಗೆ ಡ್ರಮ್ಮೂ ಇಲ್ಲ, ರೆಕಾರ್ಡಿಂಗೂ ಇಲ್ಲ, ಬರೀ ಸರ್ಕೀಟು. ಅದರ ಸುರ‍್ರೆನ್ನುವ ಗುಣಕ್ಕೆ ಕಾರಣ ಕಾರ್ಖಾನೆಯವರು ತಿರಸ್ಕರಿಸಿದ್ದ ಕೆಟ್ಟ ಟ್ರಾನ್ಸಿಸ್ಟರು. ರೋಲ್ಯಾಂಡಿನ ಯಜಮಾನ ಇಕುತಾರೊ ಕಕೆಹಾಶಿ ಬೇಕೆಂದೇ ಆ ಕೆಟ್ಟ ಮಾಲನ್ನು ಕೊಂಡ. ಸೆಮಿಕಂಡಕ್ಟರ್ ತಯಾರಿಕೆ ಸುಧಾರಿಸುತ್ತಾ ಹೋದಂತೆ ಕೆಟ್ಟ ಮಾಲು ಸಿಗುವುದೇ ನಿಂತಿತು. 1983ರಲ್ಲಿ 808 ಕೂಡ ನಿಂತಿತು. ಒಟ್ಟು ಮಾಡಿದ್ದು ಸುಮಾರು 12,000. ಆಗ ‘ಇದೂ ಒಂದು ಡ್ರಮ್ಮೇ’ ಅಂತ ಮೂಗು ಮುರಿದದ್ದಕ್ಕೆ ಸೆಕೆಂಡ್‌ಹ್ಯಾಂಡ್ ಬೆಲೆ ಬಿದ್ದುಹೋಗಿತ್ತು, ಕಾಸಿಲ್ಲದ ಹುಡುಗರ ಕೈಗೆ ಬಂತು. ಕಿಕ್‌ನ ‘ಡಿಕೇ’ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಡಬ್ ಅನ್ನುವ ಬದಲು ಬೂಂ ಅಂತ ಎಳೆಯುತ್ತದೆ ಅಂತ ಅವರು ಕಂಡುಕೊಂಡರು. ಇವತ್ತು ಆ ಹಳೆ ಡಬ್ಬಿಗೆ ಕೊಟ್ಟದ್ದೇ ರೇಟು.

ಇ-ಮು ಎಸ್‌ಪಿ-1200ರದು ಇನ್ನೂ ಚಂದದ ಕಥೆ. 1987ರ ಸ್ಯಾಂಪ್ಲರ್, ಅಂದರೆ ಬೇರೆ ರೆಕಾರ್ಡಿನ ತುಣುಕನ್ನು (ಸ್ಯಾಂಪಲ್ಲು) ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ. ನೆನಪಿನಲ್ಲಿ ಒಟ್ಟು ಜಾಗ ಹತ್ತೇ ಸೆಕೆಂಡು. ಒಂದು ಸ್ಯಾಂಪಲ್ಲಿಗೆ ಎರಡೂವರೆ ಸೆಕೆಂಡಿಗಿಂತ ಹೆಚ್ಚಿಲ್ಲ. ಹತ್ತು ಸೆಕೆಂಡಿನಲ್ಲಿ ಇಡೀ ಹಾಡು ಕಟ್ಟಬೇಕು. ಹುಡುಗರು ಏನು ಮಾಡಿದರೆಂದರೆ, ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿದರು. ಪ್ಲೇಯರಿನ ಪಿಚ್ ಪಟ್ಟಿಯನ್ನೂ ಕೊನೆಗೆ ತಳ್ಳಿ ಇನ್ನೊಂದು ಶೇಕಡಾ 8 ಏರಿಸಿದರು. ಹಾಗೆ ಕಿರುಚುತ್ತಾ ಓಡುವ ಸದ್ದನ್ನು ಹಿಡಿದು, ಆಮೇಲೆ ಯಂತ್ರದಲ್ಲಿ ಅಷ್ಟೇ ಕೆಳಕ್ಕೆ ಇಳಿಸಿದರು. ಲೆಕ್ಕ ಹಾಕಿ: 45ನ್ನು 33⅓ರಿಂದ ಭಾಗಿಸಿದರೆ 1.35, ಅದನ್ನು 1.08ರಿಂದ ಗುಣಿಸಿದರೆ ಸುಮಾರು 1.46. ಹತ್ತು ಸೆಕೆಂಡಿನ ಜಾಗಕ್ಕೆ ಹದಿನಾಲ್ಕೂವರೆ ಸೆಕೆಂಡಿನ ಸಂಗೀತ. ಇಳಿಸುವಾಗ ಮೇಲಿನ ಸ್ವರಗಳು ಉದುರಿ, ಮೂಲದಲ್ಲಿ ಇಲ್ಲದ ಒಂದು ಗರಗರ ಸೇರಿಕೊಳ್ಳುತ್ತದೆ. ಅದು ಜಾಗ ಉಳಿಸಿದ್ದಕ್ಕೆ ತೆತ್ತ ದಂಡ. 2021ರಲ್ಲಿ ಅದೇ ಯಂತ್ರವನ್ನು ಮತ್ತೆ ಮಾರಾಟಕ್ಕಿಟ್ಟರು, ಬೆಲೆ ಸುಮಾರು 4,000 ಡಾಲರ್. ಜೇಬಿನ ಫೋನಿನಲ್ಲಿ ಗಂಟೆಗಟ್ಟಲೆ ರೆಕಾರ್ಡಿಂಗಿಗೆ ಜಾಗ ಇರುವವರು ಸೆಕೆಂಡು ಎಣಿಸುವ ಭಾಗ್ಯಕ್ಕೆ ಮೂರು ಲಕ್ಷ ರೂಪಾಯಿ ಮೇಲೆ ಎಣಿಸುತ್ತಾರೆ. ಉಪವಾಸಕ್ಕೆ ಸ್ಟಾರ್ ಹೋಟೆಲಿನಲ್ಲಿ ರೂಮು ಮಾಡಿದ ಹಾಗೆ.

ಅಷ್ಟು ದುಡ್ಡಿಲ್ಲದವರಿಗೆ ಪ್ಲಗಿನ್ ಇದೆ, ಸಂಗೀತದ ಸಾಫ್ಟ್‌ವೇರಿಗೆ ಸಿಕ್ಕಿಸುವ ಪುಟ್ಟ ಸಾಫ್ಟ್‌ವೇರು. ಕಂಪ್ಯೂಟರಿನಲ್ಲಿ ಚೊಕ್ಕವಾಗಿ ಹಾಡಿಸಿದ ಹಾಡಿಗೆ ಟೇಪಿನ ಸುಯ್ಯೆನ್ನುವ ಸದ್ದು ಬೆರೆಸುವುದು, ಎಲ್‌ಪಿಯ ಚಟಪಟ ಸೇರಿಸುವುದು, ಸವೆದ ಮೋಟಾರಿನ ತೂರಾಟ ತುಂಬುವುದು. ಕೆಲವಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಎಂಬತ್ತರಲ್ಲಿ ಕ್ಯಾಸೆಟ್ ಡೆಕ್ ಕೊಳ್ಳುವವರು ‘ಡಾಲ್ಬಿ ಇದೆಯಾ?’ ಅಂತ ಮೊದಲು ಕೇಳಿ, ಆ ಒಂದು ಗುಂಡಿಗಾಗಿ ಹೆಚ್ಚಿನ ದುಡ್ಡು ತೆತ್ತು ಮನೆಗೆ ತರುತ್ತಿದ್ದರು. ಡಾಲ್ಬಿ ಬಿ ಮಾಡುತ್ತಿದ್ದದ್ದು ಈ ಸುಯ್ಯನ್ನು ಹತ್ತು ಡೆಸಿಬೆಲ್‌ನಷ್ಟು ತಗ್ಗಿಸುವ ಕೆಲಸ. ಅಪ್ಪ ತೆಗೆಸಲು ಕೊಟ್ಟ ದುಡ್ಡು, ಮಗ ಹಾಕಿಸಲು ಕೊಡುವ ದುಡ್ಡು. ಕ್ಯಾಶ್ ಕೌಂಟರಿನಲ್ಲಿ ಕೂತವನು ಎರಡೂ ಸಲ ನಕ್ಕ.

ನಿಜವಾದ ಸುಯ್ಯೇ ಬೇಕು ಎನ್ನುವ ಮಡಿವಂತರು ಕ್ಯಾಸೆಟ್ಟಿಗೇ ಹೋಗುತ್ತಾರೆ. ಹೋಗಲಿ, ಒಳ್ಳೆಯದು. ಆದರೆ ಆನ್‌ಲೈನಿನಲ್ಲಿ ಸಿಗುವ ಬಣ್ಣಬಣ್ಣದ ಹೊಸ ಪ್ಲೇಯರುಗಳ ಹೊಟ್ಟೆ ಬಗೆದರೆ ಹೆಚ್ಚಿನವುಗಳಲ್ಲಿ ಇರುವುದು ಒಂದೇ ಮೆಕಾನಿಸಮ್ಮು: ಜಪಾನಿನ ತನಾಶಿನ್ ಕಂಪನಿ ಎಂದೋ ಕೈಬಿಟ್ಟ ಅಗ್ಗದ ಮಾದರಿಯ ಚೀನೀ ನಕಲು. ವೇಗ ಕಾಯುವ ಫ್ಲೈವೀಲ್ ಎಂಬ ಚಕ್ರ ಹಗುರ, ಹಾಗಾಗಿ ವೇಗ ನಿಲ್ಲುವುದಿಲ್ಲ, ದೀರ್ಘ ಸ್ವರ ಕುಡಿದವನ ಹಾಗೆ ತೂಗುತ್ತದೆ. ಡಾಲ್ಬಿ ಇಲ್ಲ. ಇದರ ಮೇಲೆ ಬ್ಲೂಟೂತ್ ಇದೆ ಅಂತ ದೊಡ್ಡಕ್ಷರದ ಜಾಹೀರಾತು.

ಟೇಪು ಕಚ್ಚಿಕೊಳ್ಳುವುದು ಯಾಕೆ ಅಂತಲೂ ಈ ಭಕ್ತರಿಗೆ ಗೊತ್ತಿಲ್ಲ. ಅವರಿಗೆ ಅದು ‘ವೈಬ್’. 3.81 ಮಿಲಿಮೀಟರ್ ಅಗಲದ ಪಟ್ಟಿಯನ್ನು ಸೆಕೆಂಡಿಗೆ 4.76 ಸೆಂಟಿಮೀಟರ್ ಎಳೆಯುವುದು ಕ್ಯಾಪ್‌ಸ್ಟನ್ ಎಂಬ ತೆಳು ಕಡ್ಡಿ, ಅದಕ್ಕೆ ಒತ್ತಿಕೊಂಡ ರಬ್ಬರ್ ರೋಲರು. ಎಳೆದದ್ದನ್ನು ಸುತ್ತಿಕೊಳ್ಳುವುದು ಬಲಗಡೆಯ ಚಕ್ರ. ಆ ಚಕ್ರದ ಬೆಲ್ಟು ಸಡಿಲವಾದರೆ ಚಕ್ರ ನಿಲ್ಲುತ್ತದೆ, ರೋಲರು ನಿಲ್ಲುವುದಿಲ್ಲ. ಉಗುಳಿದ ಟೇಪಿಗೆ ಹೋಗಲು ದಾರಿಯಿಲ್ಲದೆ ರೋಲರಿಗೇ ಸುತ್ತಿಕೊಳ್ಳುತ್ತದೆ. ರೋಲರಿನ ಮೇಲೆ ಕಂದು ಪುಡಿ ಅಂಟಿದ್ದರೆ ಇನ್ನೂ ಬೇಗ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅದ್ದಿ ಕ್ಯಾಪ್‌ಸ್ಟನ್, ರೋಲರು, ಟೇಪು ಓದುವ ಹೆಡ್ಡು ಮೂರನ್ನೂ ಒರೆಸಬೇಕು. ಕಚ್ಚಿಕೊಂಡಾಗ ಕ್ಯಾಸೆಟ್ಟನ್ನು ಜಗ್ಗಬಾರದು. ರೋಲರನ್ನು ಬೆರಳಲ್ಲಿ ಹಿಂದಕ್ಕೆ ತಿರುಗಿಸಿ ಬಿಡಿಸಿ, ಆರು ಮೂಲೆಯ ಪೆನ್ಸಿಲ್ ತೂರಿಸಿ ಸುತ್ತಬೇಕು. ತುಂಡಾಗಿದ್ದರೆ ಹಿಂಬದಿಗೆ ತುಂಡು ಸೇರಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪು ಹಚ್ಚಬೇಕು. ಸೆಲ್ಲೋಟೇಪು ಹಚ್ಚಿದರೆ ಅದರ ಗೋಂದು ಒಸರಿ ಪಕ್ಕದ ಸುತ್ತಿಗೂ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಕೊಳ್ಳುವುದಾದರೆ ಅರವತ್ತು ನಿಮಿಷದ ಸಿ-60 ಕೊಳ್ಳಿ, ಅದರ ಪಟ್ಟಿ ಸುಮಾರು 18 ಮೈಕ್ರಾನ್ ದಪ್ಪ. ಸಿ-90 ಸುಮಾರು 12. ಸಿ-120 ಇನ್ನೂ ತೆಳು, ಅದರ ಸಹವಾಸ ಬೇಡ.

ಕ್ಯಾಸೆಟ್ಟಿನ ಮಾತು ಬಂದಾಗ ಒಂದು ಹಳೆ ಚಿತ್ರ ನೆನಪಿಗೆ ಬರಬೇಕು. ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಸಂಘ 1981ರಲ್ಲಿ ಹೊರಟಿತ್ತು, ‘ಮನೆಯಲ್ಲಿ ಟೇಪು ಮಾಡುವುದರಿಂದ ಸಂಗೀತ ಸಾಯುತ್ತಿದೆ’ ಅಂತ. ಕ್ಯಾಸೆಟ್ಟನ್ನೇ ತಲೆಬುರುಡೆ ಮಾಡಿ ಕೆಳಗೆ ಎರಡು ಎಲುಬು ಬರೆದಿದ್ದರು. ಅಮೆರಿಕದ ಡೆಡ್ ಕೆನೆಡೀಸ್ ತಂಡ ಅದೇ ವರ್ಷ ಕ್ಯಾಸೆಟ್ಟಿನ ಒಂದು ಬದಿ ಖಾಲಿ ಬಿಟ್ಟು, ಈ ಕೊಲೆಗೆ ನೀವೂ ಕೈಜೋಡಿಸಿ ಅಂತಲೇ ಬಿಟ್ಟಿದ್ದೇವೆ ಎಂದು ಮುದ್ರಿಸಿತು. ನಮ್ಮೂರ ಕ್ಯಾಸೆಟ್ಟಂಗಡಿಗಳಲ್ಲಿ ಚೀಟಿಯಲ್ಲಿ ಹಾಡು ಬರೆದುಕೊಟ್ಟು ಸಂಜೆ ತುಂಬಿಸಿಕೊಂಡು ಬಂದವರೆಲ್ಲ ಈ ಲೆಕ್ಕದಲ್ಲಿ ಕೊಲೆಗಡುಕರೇ. ಈಗ? ದೊಡ್ಡ ಕಂಪನಿಗಳೇ ಹೊಸ ಆಲ್ಬಮ್ಮುಗಳನ್ನು ಕ್ಯಾಸೆಟ್ಟಿನಲ್ಲಿ, ನಾಲ್ಕು ಬಣ್ಣದಲ್ಲಿ ಬಿಡುತ್ತವೆ. ಕೊಂಡವರಲ್ಲಿ ಎಷ್ಟೋ ಜನರ ಮನೆಯಲ್ಲಿ ಪ್ಲೇಯರೇ ಇಲ್ಲ. ಶೋಕೇಸಿನಲ್ಲಿ ಮೈಸೂರಿನ ಗಂಧದ ಆನೆಯ ಪಕ್ಕ ಇಡುತ್ತಾರೆ.

ಇಷ್ಟರವರೆಗೆ ನಗಬಹುದು. ನಗು ನಿಲ್ಲುವ ಜಾಗವೂ ಇದೆ.

1969ರಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿಗೆ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ತುಣುಕೊಂದಿದೆ, ಇಪ್ಪತ್ತು ಸೆಕೆಂಡು ಮುಟ್ಟುತ್ತದೋ ಇಲ್ಲವೋ. ಎಂಬತ್ತರ ಹಿಪ್ ಹಾಪ್‌ನ ಬೆನ್ನುಮೂಳೆ ಅದು. ಪಬ್ಲಿಕ್ ಎನಿಮಿ ತಂಡದಿಂದ ಹಿಡಿದು ಅದನ್ನು ಕತ್ತರಿಸಿ ಅಂಟಿಸದವರಿಲ್ಲ. ಹಾಡಿನ ಹಕ್ಕು ಬ್ರೌನ್ ಹೆಸರಿನಲ್ಲಿತ್ತು. ತಾಳ ಬಾರಿಸಿದವನಿಗೆ ಆ ಹಕ್ಕಿನಲ್ಲಿ ಪಾಲಿರಲಿಲ್ಲ. ಕ್ಯಾನ್ಸರ್ ಬಂದಾಗ ಅವನ ಆಸ್ಪತ್ರೆ ಬಿಲ್ಲಿನಲ್ಲಿ ಸುಮಾರು 90,000 ಡಾಲರನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ. 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ ಸಂಗತಿ ಹೊರಬಂತು.

ಡಿ ಲಾ ಸೋಲ್ ಎಂಬ ಹಿಪ್ ಹಾಪ್ ತಂಡದ 1989ರ ಮೊದಲ ಆಲ್ಬಮ್ಮು ಸ್ಟ್ರೀಮಿಂಗಿಗೆ ಬಂದದ್ದು 2023ರ ಮಾರ್ಚ್ 3ಕ್ಕೆ. ಅದರಲ್ಲಿದ್ದ ಸ್ಯಾಂಪಲ್ಲುಗಳಿಗೆ ಬರೆಸಿಕೊಂಡ ಒಪ್ಪಿಗೆ ಎಲ್‌ಪಿ, ಕ್ಯಾಸೆಟ್ಟುಗಳಿಗಷ್ಟೇ ಇತ್ತು. ಮುಂದೆ ಬರುವ ಯಂತ್ರಗಳ ಬಗ್ಗೆ ಒಂದು ಗೆರೆ ಇರಲಿಲ್ಲ. ಆ ಗೆರೆಗಾಗಿ ವಕೀಲರು ಹಗ್ಗ ಜಗ್ಗುತ್ತಾ ವರ್ಷಗಳು ಹೋದವು. ಮೂವರಲ್ಲಿ ಒಬ್ಬ, ಟ್ರುಗೋಯ್, ಅದೇ ವರ್ಷದ ಫೆಬ್ರವರಿ 12ಕ್ಕೆ ತೀರಿಕೊಂಡ. ಮೂರು ವಾರ ಮುಂಚೆ.

ಇನ್ನು ಇದೆಲ್ಲದರ ಮೂಲಪುರುಷ ಡಿಜೆ ಕೂಲ್ ಹರ್ಕ್. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನ 1520 ಸೆಡ್ಜ್‌ವಿಕ್ ಅವೆನ್ಯೂದಲ್ಲಿ ತಂಗಿ ಸಿಂಡಿ ಇಟ್ಟುಕೊಂಡ ಪಾರ್ಟಿಗೆ ಇವನು ರೆಕಾರ್ಡು ಹಾಕಿದ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. 2007ರಲ್ಲಿ ನ್ಯೂಯಾರ್ಕ್ ರಾಜ್ಯ ಆ ಕಟ್ಟಡವನ್ನು ಹಿಪ್ ಹಾಪ್‌ನ ಜನ್ಮಸ್ಥಳವೆಂದು ಒಪ್ಪಿತು. ಅದೇ ಹೊತ್ತಿಗೆ ಮಾಲೀಕರು ಕಟ್ಟಡವನ್ನು ಕಡಿಮೆ ಬಾಡಿಗೆಯ ಸರ್ಕಾರಿ ಯೋಜನೆಯಿಂದ ಹೊರಗೆಳೆಯಲು ನೋಡುತ್ತಿದ್ದರು. ಬಾಡಿಗೆದಾರರ ಜೊತೆ ಹರ್ಕ್ ಕೂಡ ಬೀದಿಗಿಳಿದ. 2011ರ ಜನವರಿಯಲ್ಲಿ ಅವನಿಗೆ ಮೂತ್ರಪಿಂಡದ ಕಲ್ಲಿನ ತೊಂದರೆಯಾಯಿತು, ಆರೋಗ್ಯ ವಿಮೆ ಇರಲಿಲ್ಲ, ಅಭಿಮಾನಿಗಳು ದುಡ್ಡು ಕೂಡಿಸಬೇಕಾಯಿತು. 2021ರಲ್ಲಿ ಅಮೆರಿಕದ ಸೆನೆಟ್ ಆಗಸ್ಟ್ 11ನ್ನು ಹಿಪ್ ಹಾಪ್ ದಿನವೆಂದು ಸಾರಿ ನಿರ್ಣಯ ಮಾಡಿತು. ನಿರ್ಣಯಕ್ಕೆ ಕಾಗದದ ಖರ್ಚಷ್ಟೇ.

ಸಾಕಾಗಿದೆ. ಈ ಸಂಗೀತ ಹೊಸದಾಗಿದ್ದಾಗ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಿಂದ ಕಾಗದ. 1989ರ ಆಗಸ್ಟಿನಲ್ಲಿ ಎನ್‌ಡಬ್ಲ್ಯೂಎ ಎಂಬ ರ‍್ಯಾಪ್ ತಂಡದ ಹಾಡನ್ನು ಖಂಡಿಸಿ ರೆಕಾರ್ಡ್ ಕಂಪನಿಗೆ ಬಂದದ್ದು. ಹಳತಾದ ಮೇಲೆ, 2016ರಲ್ಲಿ, ಅದೇ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ. ನ್ಯೂಯಾರ್ಕಿನ ರೈಲಿನ ಮೇಲೆ ಬಣ್ಣದಲ್ಲಿ ಅಕ್ಷರ ಬರೆದ ಹುಡುಗರನ್ನು ಹಿಡಿಯಲು ಯಾರ್ಡಿಗೆ ಮುಳ್ಳುಬೇಲಿ, ನಾಯಿ. ಇವತ್ತು ಅದೇ ಅಕ್ಷರ ಇವರ ಟೀ ಶರ್ಟಿನ ಮೇಲೆ. ಹಂಬಲಿಸುವವರಿಗೆ ಆ ಸದ್ದು ಬೇಕು, ಆ ಷೂ ಬೇಕು, ಆ ಟೇಪಿನ ಸುಯ್ ಕೂಡ ಬೇಕು. ಬಾರಿಸಿದವನ ಆಸ್ಪತ್ರೆ ಬಿಲ್ಲು ಮಾತ್ರ ಯಾವ ಪ್ಲಗಿನ್ನಿನಲ್ಲೂ ಬರುವುದಿಲ್ಲ.

ಇರಲಿ. ಬೂಮ್‌ಬಾಕ್ಸ್ ಎಂಬ ಹೊತ್ತೊಯ್ಯುವ ಕ್ಯಾಸೆಟ್ ಪ್ಲೇಯರು ಕೊಳ್ಳುವವರಿಗೆ ಹೇಳಬೇಕಾದದ್ದು ಉಳಿದಿದೆ. ದೊಡ್ಡವಕ್ಕೆ ಎಂಟು, ಹತ್ತು ಡಿ ಸೈಜಿನ ದಪ್ಪ ಸೆಲ್ಲು ಬೇಕು. ಹತ್ತೆಂದರೆ ಸೆಲ್ಲಿನ ತೂಕವೇ ಒಂದೂವರೆ ಕಿಲೋ ಹತ್ತಿರ, ಹೆಗಲ ಮೇಲೆ ಹೊರುವ ಮುಂಚೆ ಯೋಚಿಸಿ. ಕೊಳ್ಳುವಾಗ ಸೆಲ್ಲಿನ ಮನೆಯ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ, ಹಸಿರು ಹಿಡಿದಿದ್ದರೆ ಬೆಲೆ ಇಳಿಸಿ ಕೇಳಿ. ಶೋಕೇಸಿಗೆ ಇಡುವುದಾದರೆ ಸೆಲ್ಲು ತೆಗೆದಿಡಿ, ಸೋರುತ್ತವೆ.