ಸ್ಪಷ್ಟನೆ: ಅಶ್ವಗಂಧದ ಎಲೆ ಆತಂಕದ ಮಾತ್ರೆಗೆ ಬದಲಿಯಲ್ಲ

"ದಿನಾ ಐದು ಅಶ್ವಗಂಧದ ಎಲೆ ಅಗಿದು ತಿನ್ನಿ, ಆತಂಕ ಮಾಯ, ಮಾತ್ರೆ ಬಿಟ್ಟುಬಿಡಿ, ಅಡ್ಡಪರಿಣಾಮವೇ ಇಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ದಯವಿಟ್ಟು ಇದನ್ನು ಪಾಲಿಸಬೇಡಿ.

ಹಿರೇಮದ್ದು ಎಂದು ನಾವು ಕರೆಯುವ ಈ ಗಿಡದಲ್ಲಿ ಆತಂಕಕ್ಕೆ ಬಳಸುವುದು ಒಣಗಿಸಿದ ಬೇರನ್ನು. ಎಲೆಯಲ್ಲಿ ಜೀವಕೋಶಗಳಿಗೆ ಹಾನಿ ಮಾಡಬಲ್ಲ ವಿಥಾಫೆರಿನ್-ಎ ಎಂಬ ರಾಸಾಯನಿಕ ಬೇರಿಗಿಂತ ಹೆಚ್ಚು. ಎಲೆ ಬಳಸದಂತೆ ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ.

ಬೇರಿನಿಂದ ಆತಂಕ ಸ್ವಲ್ಪ ತಗ್ಗಿದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ ನಿಜ. ಅಲ್ಲಿ ಹೆಚ್ಚಾಗಿ ಕೊಟ್ಟಿದ್ದು ದಿನಕ್ಕೆ 300ರಿಂದ 600 ಮಿಲಿಗ್ರಾಂ ಬೇರಿನ ಸಾರ (ಎಕ್ಸ್‌ಟ್ರ್ಯಾಕ್ಟ್), ಸುಮಾರು 8 ವಾರ. ಚೂರ್ಣದ ಪ್ರಮಾಣ ಬೇರೆ: ಆಯುರ್ವೇದ ಔಷಧಕೋಶದ ಪ್ರಕಾರ 3ರಿಂದ 6 ಗ್ರಾಂ. ಚೂರ್ಣದ ಚಮಚದ ಲೆಕ್ಕದಲ್ಲಿ ಸಾರ ನುಂಗಿದರೆ ಪ್ರಮಾಣ ಹಲವು ಪಟ್ಟು ಏರುತ್ತದೆ. ಕೊಳ್ಳುವಾಗ ಸಾರವೋ ಚೂರ್ಣವೋ ಎಂದು ಡಬ್ಬಿಯ ಮೇಲೆ ಓದಿ.

ಸಂದೇಶದ ಅತಿ ಅಪಾಯದ ಮಾತು ಮಾತ್ರೆ ಬಿಡುವುದು. ಆಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಆತಂಕದ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ನಡುಕ, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಅದಕ್ಕೇ ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಮಾತ್ರೆಯ ಜೊತೆಗೇ ಅಶ್ವಗಂಧ ಸೇರಿಸಿದರೆ ಮಂಪರು ಹೆಚ್ಚಬಹುದು.

ಗರ್ಭಿಣಿಯರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅಶ್ವಗಂಧ ಬೇಡ. ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದಾದ್ದರಿಂದ ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ; ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.