ಹದಿನಾಲ್ಕು ದಿನ ಸಮುದ್ರ, ಹದಿನಾಲ್ಕು ದಿನ ಬೆಟಗೇರಿ

ನಮ್ಮ ಮಾಮ ಎಣ್ಣೆ ಕಂಪನಿಯಲ್ಲಿದ್ದಾರೆ ಅಂದರೆ ಗದಗ ಕಡೆ ಜನ ಮೊದಲು ಕೇಳುತ್ತಿದ್ದದ್ದು "ಯಾವ ಮಿಲ್ಲಿನಾಗರೀ?" ಅಂತ. ಅವರದೂ ತಪ್ಪಲ್ಲ. ನಮ್ಮೂರಲ್ಲಿ ಎಣ್ಣೆ ಅಂದರೆ ಶೇಂಗಾ ಎಣ್ಣೆ. ಈಗಿನ ಹುಡುಗರಿಗೆ ಹೇಳಿದರೆ ಬೇರೆಯೇ ಎಣ್ಣೆ ನೆನಪಾಗಿ ಕಿಸಕ್ಕನೆ ನಗುತ್ತಾರೆ. ಎಣ್ಣೆ ಕಂಪನಿ, ಅದರ ಮೇಲೆ ಚರ್ಚಿನ ಸಭೆಯ ಹಿರಿಯರು! ಮಾಮನೂ ನಗುತ್ತಿದ್ದರು. "ನಮ್ಮ ಎಣ್ಣಿ ಕುಡಿದರ ಒಂದ ಗುಟುಕಿಗೆ ಸ್ವರ್ಗಪಾ" ಅನ್ನುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಮೈಕ್ ಹಿಡಿದವರೆಲ್ಲ ಒಂದೇ ಮಾತು: ದೊಡ್ಡ ಕೈ, ಸಭೆಗೆ ಫ್ಯಾನ್ ಕೊಟ್ಟರು, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ನಿಂಬೆಹಣ್ಣಿಗೆ ಐದುನೂರು ಕೂಗಿದರು. ಸುಳ್ಳೇನಲ್ಲ, ಕೂಗಿದ್ದು ನಾನೂ ನೋಡಿದ್ದೇನೆ. ಆದರೆ ಮೂವತ್ತು ವರ್ಷ ಸಭೆಯ ಹಿರಿಯರಾಗಿದ್ದ ಮನುಷ್ಯನ ಬಗ್ಗೆ ಹೇಳೋಕೆ ಫ್ಯಾನೇ ಸಿಕ್ಕಿತಾ? ಅವತ್ತಿಂದ ತಲೆಯಲ್ಲಿ ಅದೇ ಕೊರೀತಾ ಇದೆ, ಅದಕ್ಕೇ ಬರೀತಿದ್ದೇನೆ. ಉದ್ದ ಆಗುತ್ತೆ, ಬೇಜಾರಾದರೆ ಬಿಟ್ಟುಬಿಡಿ.

ಮಾಮನ ಮುತ್ತಜ್ಜನ ಕಾಲದಿಂದ ಮನೆತನ ಬೆಟಗೇರಿಯದ್ದೇ. 1841ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಬೆಟಗೇರಿಗೆ ಬಂದರಲ್ಲ, ಆಮೇಲೆ ಯಾವಾಗಲೋ ಸಭೆ ಸೇರಿದ ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು. ಮಗ ಹೋಗಿದ್ದು ಸಮುದ್ರಕ್ಕೆ. 1974ರಲ್ಲಿ ಮುಂಬೈ ಆಚೆ ಸಮುದ್ರದೊಳಗಿನ ಬಾಂಬೆ ಹೈ ಅನ್ನೋ ಕಡೆ ಎಣ್ಣೆ ಸಿಕ್ಕಿತು, 1976ರ ಮೇ ತಿಂಗಳಲ್ಲಿ ಹೊರಗೆ ಬರೋಕೆ ಶುರುವಾಯಿತು. ಅದಾಗಿ ಮೂರು ವರ್ಷಕ್ಕೆ ಮಾಮ ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿ ಸೇರಿದರು. ಅದುವರೆಗೂ ಅವರು ನೋಡಿದ್ದ ದೊಡ್ಡ ನೀರು ಅಂದರೆ ಭೀಷ್ಮ ಕೆರೆ.

ಕೆಲಸ ಹದಿನಾಲ್ಕು ದಿನ, ದಿನಕ್ಕೆ ಹನ್ನೆರಡು ತಾಸು. ಆಮೇಲೆ ಹದಿನಾಲ್ಕು ದಿನ ರಜೆ. ಗದಗಿನಿಂದ ಆಗ ಮೀಟರ್ ಗೇಜ್ ಗಾಡಿ. ಕುಲುಕುತ್ತಾ ಸೊಲ್ಲಾಪುರ ಮುಟ್ಟಬೇಕು, ಅಲ್ಲಿ ದೊಡ್ಡ ಗಾಡಿ ಹತ್ತಿ ಮುಂಬೈ, ಅಲ್ಲಿಂದ ಜುಹೂಗೆ ಹೋಗಿ ಹೆಲಿಕಾಪ್ಟರ್. ಹತ್ತೋ ಮೊದಲು ಮನುಷ್ಯನನ್ನೂ ಚೀಲವನ್ನೂ ತೂಕ ಮಾಡುತ್ತಾರಂತೆ. "ಅತ್ತಿ ಕಟ್ಟಿಕೊಟ್ಟ ಶೇಂಗಾ ಚಟ್ನಿ ಅಲ್ಲೇ ಸಿಕ್ಕಬೀಳ್ತಿತ್ತು" ಅಂತ ಹೇಳುತ್ತಿದ್ದರು. ಮುಂಬೈಯಿಂದ ನೂರಾ ಅರವತ್ತು ಕಿಲೋಮೀಟರ್ ಒಳಗೆ, ಸುತ್ತ ನೀರು ಬಿಟ್ಟರೆ ಏನೂ ಇಲ್ಲದ ಕಡೆ, ಕಬ್ಬಿಣದ ಕಾಲಿನ ಮೇಲೆ ನಿಂತ ಒಂದು ಊರು, ಪ್ಲಾಟ್‌ಫಾರ್ಮ್ ಅಂತಾರೆ.

ಮಾಮ ಅಲ್ಲಿ ಟಾಪ್‌ಮನ್. ಎಣ್ಣೆ ಬಾವಿ ಕೊರೆಯೋ ರಿಗ್ಗಿನ ಗೋಪುರದಲ್ಲಿ ತೊಂಬತ್ತು ಅಡಿ ಮೇಲೆ ಒಂದು ಸಣ್ಣ ಹಲಗೆ ಇರುತ್ತೆ, ಮಂಕಿ ಬೋರ್ಡ್ ಅಂತಾರೆ. ಮೂವತ್ತು ಅಡಿಯ ಮೂರು ಪೈಪು ಜೋಡಿಸಿದ ಒಂದು ಉದ್ದ ಪೈಪು ಬಾವಿಯಿಂದ ಮೇಲೆ ಬಂತು ಅಂದರೆ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಆ ಹಲಗೆ ಮೇಲಿಂದ ಬಗ್ಗಿ ಅದರ ತುದಿ ಹಿಡಿದು ಬದಿಗೆ ನಿಲ್ಲಿಸಬೇಕು. ಗಾಳಿ, ಮಳೆ, ರಾತ್ರಿ, ಏನೇ ಇರಲಿ. ಎಡಗೈ ಕಿರುಬೆರಳು ಅರ್ಧ ಇರಲಿಲ್ಲ. ಕಾಣಿಕೆ ತಟ್ಟೆ ಹಿಡಿದು ಬಂದಾಗ ನಾವು ಹುಡುಗರೆಲ್ಲ ನಾಣ್ಯ ಹಾಕೋದು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆವು.

ಈಗ ವಿಷಯಕ್ಕೆ ಬರುತ್ತೇನೆ.

ಅಲ್ಲಿ ಟಿ-ಕಾರ್ಡ್ ಅಂತ ಒಂದು ಪದ್ಧತಿ ಇದೆ. ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟ ಪ್ರತಿಯೊಬ್ಬರಿಗೂ, ಸಾಹೇಬರಿಗೂ ಅಡುಗೆಯವನಿಗೂ, ಹೆಸರಿನ ಒಂದೊಂದು ಚೀಟಿ. ಸೈರನ್ ಹೊಡೆಯಿತು ಅಂದರೆ ಎಲ್ಲರೂ ಓಡಿಬಂದು ತಮ್ಮ ಜಾಗದಲ್ಲಿ ನಿಂತು ತಮ್ಮ ಚೀಟಿ ತಿರುಗಿಸಬೇಕು. ತಿರುಗದೆ ಉಳಿದ ಚೀಟಿ ಯಾರದ್ದೋ, ಆ ಮನುಷ್ಯ ಎಲ್ಲೋ ಒಳಗೆ ಸಿಕ್ಕಿಕೊಂಡಿದ್ದಾನೆ ಅಂತ ಅರ್ಥ. ಬಂದವರನ್ನು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ನೋಡೋದು ಉಳಿದ ಚೀಟಿ ಮಾತ್ರ.

ಮಾಮ ಸಭೆಯಲ್ಲಿ ಮಾಡಿದ್ದು ಇದನ್ನೇ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಹಿರಿಯರಿಗೆ ಮುಂದೆ ಕುರ್ಚಿ ಇತ್ತು, ಆದರೂ. ಮೊದಲ ಕೀರ್ತನೆ ಮುಗಿಯೋದರೊಳಗೆ ಎಣಿಕೆ ಮುಗಿದಿರುತ್ತಿತ್ತು. ಬರದವರ ಹೆಸರು ಕಂಪನಿ ಕೊಡುವ ಸಣ್ಣ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ತಮ್ಮ ಪ್ರಸಂಗ ಬರೆದುಕೊಳ್ಳುತ್ತಾರೆ ಅಂತ ಪಾದ್ರಿ ಅಯ್ಯನವರಿಗೆ ಭಾಳ ದಿನ ಖುಷಿ ಇತ್ತು, ಪಾಪ. ಆರಾಧನೆ ಮುಗಿದ ಮೇಲೆ ಎಲ್ಲರೂ ಮಿರ್ಚಿ ಕಡೆ ನಡೆದರೆ ಇವರು ಸೈಕಲ್ ಹತ್ತಿ ಬರದವರ ಮನೆ ಕಡೆ. "ಯಾಕ ಬರಲಿಲ್ಲ?" ಅಂತ ಕೇಳಿದ್ದು ನಾನು ಒಮ್ಮೆಯೂ ಕೇಳಿಲ್ಲ. ಹೋಗೋದು, ಕೂರೋದು, ಚಾ ಕುಡಿಯೋದು, ಮಳೆ ಬಗ್ಗೆ ಮಾತಾಡೋದು. ಅಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು. ಒಂದು ಮನೆಯಲ್ಲಿ ಮಗಳ ಮದುವೆ ಮುರಿದಿರುತ್ತಿತ್ತು, ಇನ್ನೊಂದರಲ್ಲಿ ಸಾಲದವರ ಕಾಟ. ಒಂದು ಮನೆಯಲ್ಲಿ ಬರೀ ಒಳ್ಳೆ ಸೀರೆ ಇರಲಿಲ್ಲ ಅಂತ ಎರಡು ತಿಂಗಳು ಬಂದಿರಲಿಲ್ಲ.

ಇಂಥವರು ಹಿರಿಯರಾಗಬಾರದು ಅಂತ ಒಮ್ಮೆ ಗಲಾಟೆಯೂ ಆಗಿತ್ತು. ತಿಂಗಳಿಗೆ ಎರಡು ಭಾನುವಾರ ಊರಲ್ಲೇ ಇರದವನು ಎಂಥ ಹಿರಿಯ ಅಂತ. ವಾದ ಕೇಳೋಕೆ ಸರಿ ಅನಿಸುತ್ತೆ. ಆದರೆ ಐವತ್ತೆರಡು ಭಾನುವಾರವೂ ಮುಂದಿನ ಕುರ್ಚಿಯಲ್ಲೇ ಕೂತು ಹಿಂದೆ ಯಾರಿದ್ದಾರೆ ಅಂತ ಒಮ್ಮೆಯೂ ತಿರುಗಿ ನೋಡದ ಹಿರಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಕಡೆ ಈಗ ಸಭೆಯ ಚುನಾವಣೆಗೂ ಗ್ರಾಮ ಪಂಚಾಯಿತಿ ಚುನಾವಣೆಗೂ ಜಾಸ್ತಿ ಫರಕಿಲ್ಲ. ಪ್ಯಾನೆಲ್, ಊಟ, ವಾಟ್ಸಾಪ್ ಗ್ರೂಪು, ಎಲ್ಲ ಅದೇ. ಮತ ಎಣಿಸೋಕೆ ಇರೋ ಉತ್ಸಾಹ ತಲೆ ಎಣಿಸೋಕೆ ಇಲ್ಲ. ಬೈದುಕೊಳ್ಳುವವರು ಬೈದುಕೊಳ್ಳಿ.

2005ರ ಜುಲೈ ನನಗೆ ಮರೆಯೋಕೆ ಆಗಲ್ಲ. 26ಕ್ಕೆ ಮುಂಬೈ ಮುಳುಗಿತು. 27ಕ್ಕೆ ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ಬೆಂಕಿ ಬಿತ್ತು. ಬೆರಳಿಗೆ ಪೆಟ್ಟಾಗಿದ್ದ ಒಬ್ಬ ಅಡುಗೆಯವನನ್ನು ಹಡಗಿನಿಂದ ಪ್ಲಾಟ್‌ಫಾರ್ಮಿಗೆ ದಾಟಿಸಬೇಕಿತ್ತು. ಸಮುದ್ರ ಅಲ್ಲಾಡುತ್ತಿತ್ತು, ಹಡಗು ಗ್ಯಾಸಿನ ಪೈಪಿಗೆ ಬಡಿಯಿತು. ಎರಡೇ ತಾಸಿನಲ್ಲಿ ಇಡೀ ಪ್ಲಾಟ್‌ಫಾರ್ಮ್ ಹೋಯಿತು. ಮಾಮ ಆ ಹದಿನಾಲ್ಕು ದಿನ ಬೆಟಗೇರಿಯಲ್ಲಿದ್ದರು. ಮುಂಬೈಗೆ ಫೋನ್ ಹತ್ತುತ್ತಿಲ್ಲ, ರೈಲಿಲ್ಲ. ಟೀವಿ ಮುಂದೆ ಪೆನ್ಸಿಲ್ ಹಿಡಿದು ಕೂತರು. ಒಂದು ಚಾನೆಲ್ಲಿನವರು ಒಂದು ಸಂಖ್ಯೆ ಹೇಳಿದರೆ ಇನ್ನೊಂದು ಚಾನೆಲ್ಲಿನವರು ಬೇರೆ. "ಲೆಕ್ಕ ಕೂಡವಲ್ದು, ಲೆಕ್ಕ ಕೂಡವಲ್ದು" ಅಂತ ಎದ್ದು ಓಡಾಡೋರು, ಮತ್ತೆ ಕೂರೋರು. ಅತ್ತೆ ತಂದಿಟ್ಟ ರೊಟ್ಟಿ ಹಾಗೇ ಒಣಗಿತು. ಆ ಭಾನುವಾರ ಪ್ರಾರ್ಥನೆ ಮಾಡಿರಿ ಅಂತ ಅಯ್ಯನವರು ಕರೆದರು. ಮಾಮ ಎದ್ದು ನಿಂತರು. ಸುಮಾರು ಹೊತ್ತು ಸುಮ್ನೆ ನಿಂತರು. "ಇನ್ನಾ ಕೆಲವು ಮಂದಿ ಸಿಕ್ಕಿಲ್ಲ" ಅಂದರು, ಕೂತುಬಿಟ್ಟರು. ಅಷ್ಟೇ. ಆಮೆನ್ ಅಂತಲೂ ಅನ್ನಲಿಲ್ಲ. ಕಡೆಗೆ ಲೆಕ್ಕ ಕೂಡಿದಾಗ 362 ಮಂದಿ ಉಳಿದಿದ್ದರು, 22 ಮಂದಿ ಇರಲಿಲ್ಲ.

2010ಕ್ಕೆ ರಿಟೈರ್ ಆದರು. ಆಮೇಲೆ ಎಲ್ಲ ಭಾನುವಾರವೂ ಇಲ್ಲೇ. ಸೈಕಲ್ ಹೋಗಿ ಸ್ಕೂಟಿ ಬಂತು, ಮೊಣಕಾಲು ನೋವಾಗಿ ಸ್ಕೂಟಿ ಹಿಂದೆ ಕೂರೋ ಹಂಗಾಯಿತು. ಎಷ್ಟೋ ಸಲ ಡ್ರೈವರ್ ನಾನೇ. ಹೊರಗೇ ಗಾಡಿ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಒಳಗೆ ಬಾ ಅಂತ ಅವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಈಗ ಅನಿಸುತ್ತೆ, ಹೋಗಬೇಕಿತ್ತು.

ಮಣ್ಣಾದ ಎಂಟನೇ ದಿನಕ್ಕೆ ಅತ್ತೆ ಡೈರಿಗಳ ಗಂಟು ತಂದು ನನ್ನ ಮುಂದೆ ಇಟ್ಟರು. "ರದ್ದಿಗೆ ಹಾಕಲ್ಯಾ?" ಅಂತ ಕೇಳಿದರು. ಬೇಡ ಅಂದೆ. ಕೊನೆಯ ಡೈರಿಯಲ್ಲಿ ಅಕ್ಷರ ಪೂರ್ತಿ ಸೊಟ್ಟ. ಒಂದು ಹೆಸರು ಮೂರು ವಾರ ಸತತ ಬರೆದಿದೆ. ಮೂರನೆಯ ಸಲ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆಮೇಲಿನ ಪುಟ ಖಾಲಿ.

ಮೊನ್ನೆ ಭಾನುವಾರ ಆ ಮನೆಗೆ ಹೋಗಿದ್ದೆ. ಏನು ಹೇಳೋದು ಗೊತ್ತಾಗದೆ ಬಾಗಿಲಲ್ಲೇ ನಿಂತೆ. ಆ ಅಜ್ಜಿ ಮುಖ ನೋಡಿದರು, ಗುರುತು ಹಿಡಿದರು, ಕುರ್ಚಿ ಮೇಲಿನ ಬಟ್ಟೆ ತೆಗೆದು ಕೂರು ಅಂದರು. ಒಳಗೆ ಸ್ಟವ್ ಹಚ್ಚಿದ ಸದ್ದು ಬಂತು.

"ನಿಮ್ಮ ಮಾಮಗ ಸಕ್ರಿ ಕಡಿಮಿ ಹಾಕ್ತಿದ್ದೆ. ನಿನಗ ಎಷ್ಟಪಾ?"